ಸ್ವಿಸ್ ಸಾವಕಾರರ ಬನ್ನಿ

ನಮ್ಮವ್ವ ದುರಗವ್ವನನ್ನು ಹಿಂದಿನಿಂದ ಕರೆದರೆ ಅವಳು ತಿರುಗುವುದಿಲ್ಲ. ಎದುರಿಗೆ ಹೋಗಿ ನಿಲ್ಲಬೇಕು. ಅವಳು ಮೊದಲು ಮುಖ ನೋಡುತ್ತಾಳೆ, ಆಮೇಲೆ ಬಾಯಿ. ಕಣ್ಣು ಬಾಯಿಯ ಮೇಲೆ ನಿಂತಿತೆಂದರೆ ಮಾತು ಶುರು ಮಾಡಬಹುದು.

ಹುಬ್ಬಳ್ಳಿಯ ನಮ್ಮ ಬಟ್ಟೆ ಗಿರಣಿಯ ಚಾಳಿನಲ್ಲಿ ಅರ್ಧದಷ್ಟು ಹೆಂಗಸರು ಹೀಗೆಯೇ ಇದ್ದರು. ಕುಕ್ಕರು ಸೀಟಿ ಹೊಡೆದು ಹೊಡೆದು ಅನ್ನ ಸೀದ ವಾಸನೆ ಬಂದ ಮೇಲೆಯೇ ಗೊತ್ತಾಗುತ್ತಿತ್ತು. ಮಗು ಅತ್ತರೆ ಪಕ್ಕದ ಮನೆಯವರು ಬಂದು ಭುಜ ಮುಟ್ಟಿ ಹೇಳಬೇಕಿತ್ತು. ಹಾಜರಾಬಿ ಖಾಲಾ ಬಸ್ಸಿನ ಹಾರ್ನು ಕೇಳದೆ ಚನ್ನಮ್ಮ ಸರ್ಕಲ್ಲಿನಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಗಿರಣಿಯವರು ಅದನ್ನು ‘ಆಕೆಯ ಅಜಾಗರೂಕತೆ’ ಎಂದರು. ಕಿವಿ ಹೋದದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಗಿರಣಿಯ ಮಗ್ಗದ ಖಾತೆಯೊಳಗೆ, ಅಂದರೆ ಮಗ್ಗಗಳು ಓಡುವ ವಿಭಾಗದೊಳಗೆ, ನಾನು ಎಷ್ಟೋ ಸಲ ಹೋಗಿದ್ದೇನೆ. ಬಾಗಿಲು ದಾಟಿದ ಕೂಡಲೇ ಸದ್ದು ಎದೆಗೆ ಗುದ್ದುತ್ತದೆ. ಹಲ್ಲು ಜುಮ್ಮೆನ್ನುತ್ತದೆ. ಅಲ್ಲಿ ಕೂಗಿ ಪ್ರಯೋಜನವಿಲ್ಲ. ಆದರೂ ಅಲ್ಲಿನ ಹೆಂಗಸರು ಪಾಳಿ ಮುಗಿಯುವವರೆಗೂ ಹರಟುತ್ತಿದ್ದರು. ಈ ತುದಿಯ ಮಗ್ಗದಿಂದ ಆ ತುದಿಯ ಮಗ್ಗಕ್ಕೆ, ಧ್ವನಿಯಿಲ್ಲದೆ, ತುಟಿಯಿಂದ. ಅತ್ತೆಯ ಕಾಟ, ಮಗಳ ಸೀಮಂತ, ಮೇಲ್ವಿಚಾರಕ ಮುಕಾದಮನ ಮೂಗು, ಎಲ್ಲವೂ ಆ ಗದ್ದಲದಲ್ಲಿ ಒಂದಕ್ಷರ ಚೆಲ್ಲದೆ ದಾಟುತ್ತಿತ್ತು. ಹೊಸದಾಗಿ ಬಂದವರು ಎಳೆ ಕಟ್ಟುವುದನ್ನು ಕಲಿಯುವ ಮೊದಲು ತುಟಿ ಓದುವುದನ್ನು ಕಲಿಯುತ್ತಿದ್ದರು.

ಗಿರಣಿಯ ಮಾಲೀಕರು ಪಂಢರಿನಾಥರಾಯರು. ಅವರ ತಂದೆಗೆ ಜವಳಿ ಅಂಗಡಿ ಇತ್ತು. ರಾಯರು ಹರೆಯದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿನ ಗಿರಣಿಯೊಂದರಲ್ಲಿ ನೇಯ್ಗೆಯ ವಿದ್ಯೆ ಕಲಿತು, ಬರುವಾಗ ಅಲ್ಲಿನ ಹಳೆಯ ಮಗ್ಗಗಳನ್ನು ಹಡಗಿನಲ್ಲಿ ತಂದಿದ್ದರು. ಆಫೀಸಿನ ಗೋಡೆಯ ಮೇಲೆ ಹಿಮದ ಬೆಟ್ಟದ ಮುಂದೆ ಕೋಟು ತೊಟ್ಟು ನಿಂತ ಅವರ ಫೋಟೋ ಇತ್ತು. ಮಂದಿ ಅವರನ್ನು ಸ್ವಿಸ್ ಸಾವಕಾರ ಎನ್ನುತ್ತಿದ್ದರು. ಅವರಿಗೂ ಅದು ಇಷ್ಟವಾಗಿತ್ತು.

‘ಅಲ್ಲಿ ಮಗ್ಗದ ಮಂದಿ ಕಿವಿಗೆ ಮುಚ್ಚಳಾ ಹಾಕ್ಕೊಂಡು ಕೆಲಸಾ ಮಾಡ್ತಾರ, ಸುಕನ್ಯಾ. ಎಂಥಾ ಶಿಸ್ತು!’ ಎಂದು ಅವರು ನನಗೆ ಹಲವು ಸಲ ಹೇಳಿದ್ದಾರೆ. ಮುಚ್ಚಳ ಮಾತ್ರ ಹುಬ್ಬಳ್ಳಿಗೆ ಬರಲಿಲ್ಲ. ಅವರು ಮಗ್ಗದ ಖಾತೆಯನ್ನು ಮೇಲಿನ ಗಾಜಿನ ಕೋಣೆಯಿಂದ ನೋಡುತ್ತಿದ್ದರು. ಅಲ್ಲಿಂದ ನೋಡಿದರೆ ಹೆಂಗಸರ ತಲೆ ಕಾಣುತ್ತದೆ, ಕೈ ಕಾಣುತ್ತದೆ. ಬಾಯಿ ಕಾಣುವುದಿಲ್ಲ.

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಅದೇ ಗಿರಣಿಯ ಆಫೀಸಿಗೆ ಸೇರಿದ್ದೆ. ೧೯೯೯ರಲ್ಲಿ ರಾಯರು ವಿಧಾನಸಭೆಗೆ ನಿಂತಾಗ ಅವರ ಭಾಷಣ ಬರೆಯುವ ಕೆಲಸ ನನಗೆ ಬಂತು. ಅವರು ಹೇಳುತ್ತಿದ್ದರು, ನಾನು ತೂಗಿ ನೋಡಿ ಬರೆಯುತ್ತಿದ್ದೆ. ‘ಒಂದು ಮಗ್ಗವೂ ನಿಲ್ಲುವುದಿಲ್ಲ’ ಎಂಬ ಸಾಲನ್ನು ಅವರೇ ಹೇಳಿ ಬರೆಸಿದ್ದರು. ಅದನ್ನು ಓದಿದಲ್ಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಪ್ರತಿ ಸಭೆಗೂ ಗಿರಣಿಯ ಲಾರಿಯಲ್ಲಿ ನಮ್ಮ ಹೆಂಗಸರನ್ನು ತುಂಬಿಕೊಂಡು ಹೋಗಿ, ಗಿರಣಿಯ ಬಟ್ಟೆಯದೇ ಹಸಿರು ಸೀರೆ ಉಡಿಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಫೋಟೋಕ್ಕೆ ಚೆಂದ ಕಾಣುತ್ತಿತ್ತು.

ಮತದಾನಕ್ಕೆ ಮೊದಲಿನ ದೊಡ್ಡ ಸಭೆ ಸಂಜೆ ಇತ್ತು. ನಾನು ವೇದಿಕೆಯ ಪಕ್ಕದ ಮೆಟ್ಟಿಲ ಬಳಿ ನಿಂತಿದ್ದೆ. ಬೆಂಗಳೂರಿನಿಂದ ಬಂದ ಮುಖಂಡರೊಬ್ಬರು ಮೈಕಿನಲ್ಲಿ ಗುಡುಗುತ್ತಿದ್ದರು. ರಾಯರು ಕುರ್ಚಿಯಲ್ಲಿ ಕುಳಿತು, ಪಕ್ಕದಲ್ಲಿದ್ದ ಮಗ ಸಂಕೇತನ ಕಡೆ ವಾಲಿ ಏನೋ ಹೇಳಿದರು. ಅವನು ಏನೋ ಕೇಳಿದ. ಅವರು ನಗುತ್ತ ಉತ್ತರ ಕೊಟ್ಟರು. ಐದು ಹೆಜ್ಜೆ ದೂರದಲ್ಲಿದ್ದ ನನಗೆ ಏನೂ ಕೇಳಲಿಲ್ಲ.

ಆದರೆ ಮುಂದಿನ ಸಾಲು ನನಗೆ ಕಾಣುತ್ತಿತ್ತು. ಬೀಸುತ್ತಿದ್ದ ಕರಪತ್ರ ಹಾಜರಾಬಿ ಖಾಲಾಳ ಕೈಯಲ್ಲಿ ನಿಂತಿತು. ಅವಳು ಅವ್ವನ ಕಡೆ ತಿರುಗಿದಳು. ಅವ್ವ ಆಗಲೇ ವೇದಿಕೆಯನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಆಮೇಲೆ ಆ ಸಾಲಿನ ತುಂಬ ತುಟಿಗಳು ಅಲುಗಾಡತೊಡಗಿದವು. ಒಬ್ಬಳಿಂದ ಒಬ್ಬಳಿಗೆ. ಯಾವ ಸದ್ದೂ ಇಲ್ಲ. ಚಪ್ಪಾಳೆ ತಟ್ಟಲು ಮುಕಾದಮ ಸನ್ನೆ ಮಾಡಿದ. ಯಾರೂ ತಟ್ಟಲಿಲ್ಲ. ಅವರಿಗೆ ಏನೋ ತಿಳಿದಿದೆ, ನನಗೆ ತಿಳಿದಿಲ್ಲ ಎಂಬುದಷ್ಟೇ ಗೊತ್ತಾಯಿತು.

ಮನೆಗೆ ಬಂದ ಮೇಲೆ ಅವ್ವ ಸೀರೆ ಬದಲಿಸಿ, ಆ ಹಸಿರು ಸೀರೆಯನ್ನು ಮೂಲೆಗೆಸೆದಳು.

‘ಏನಾತವ್ವ?’

‘ಮಗಾ ಕೇಳಿದಾ, ಗಿರಣಿ ಜಾಗಾ ತಗೊಳ್ಳೂ ಬೆಂಗಳೂರವ್ರು ಅದು ಯಾವಾಗ ಖಾಲಿ ಆಗತೈತಿ ಅಂತ ಕೇಳಾಕತ್ತಾರ ಅಂತ. ಸಾವಕಾರ ಅಂದಾ, ದಸರಾದ ಖಂಡೇ ಪೂಜಿ ಸೂಟಿ ಬರತೈತಲ್ಲ, ಪೂಜಿ ಮಾಡಿ ಎಲ್ಲಾರೂ ಮನಿಗೆ ಹೋಗಿರ್ತಾರ, ಆವಾಗ ಮಗ್ಗಾ ಎತ್ತಿಸಿಬಿಡು ಅಂದಾ. ಹೆಂಗಸೂರು ಒದರಿದ್ರ ಅಂದಾ ಮಗಾ.’

‘ಅದಕ್ಕ?’

‘ಎರಡು ದಿನ ಅಳ್ತಾರ, ಆಮ್ಯಾಲೆ ಬ್ಯಾರೆ ಕಡೆ ಭಾಂಡೆ ತಿಕ್ಕಾಕ ಹೋಗ್ತಾರ ಅಂದಾ.’ ಅವ್ವ ಮೂಲೆಯ ಸೀರೆಯನ್ನು ಕಾಲಿನಿಂದ ತಳ್ಳಿ ಅಂದಳು, ‘ನಕ್ಕೋತ ಅಂದಾ, ಸುಕ್ಕಿ. ನಗಲಾರದ ಅಂದಿದ್ರ ಇಷ್ಟು ಉರೀತಿದ್ದಿಲ್ಲ.’

ಮರುದಿನ ಹೆಂಗಸರೆಲ್ಲ ಸೇರಿ ಯೂನಿಯನ್ನಿನ ಮುಖಂಡ ಉಳವಪ್ಪನ ಮನೆಗೆ ಹೋದರು. ನಾನೂ ಹೋದೆ. ಉಳವಪ್ಪ ಗಿರಣಿಯ ಗೋದಾಮಿನಲ್ಲಿ ಗಂಟು ಕಟ್ಟುವ ಕೆಲಸದಿಂದ ಮೇಲೆ ಬಂದವನು. ಮಗ್ಗದ ಖಾತೆಯಲ್ಲಿ ದುಡಿದವನಲ್ಲ. ರಾಯರು ಗೆದ್ದರೆ ಅವನಿಗೆ ಕಾರ್ಪೊರೇಶನ್ ಟಿಕೆಟ್ಟು ಎಂದು ಊರೆಲ್ಲ ಮಾತಿತ್ತು.

‘ಸಾವಕಾರ್ರ ಮುಂದ ಮೈಕ್ ಇರಲಿಲ್ಲ, ನೀವು ನೋಡಿದ್ರ ಎಲ್ಲಾರೂ ಕಿವುಡಿಯರು. ಏನ್ ಕೇಳಿದ್ರಿ, ಹೆಂಗ ಕೇಳಿದ್ರಿ?’ ಅಂದ.

‘ಕೇಳಿಲ್ಲೋ, ನೋಡೀವಿ,’ ಅಂದಳು ಅವ್ವ.

‘ಮಾತು ನೋಡ್ತಾರಂತ! ಕೋರ್ಟಿನ್ಯಾಗ ಹೇಳ್ರಿ ಹಿಂಗ, ಜಡ್ಜ್ ಸಾಹೇಬ್ರು ಧಾರವಾಡದ ಹುಚ್ಚರ ಆಸ್ಪತ್ರಿಗೆ ಚೀಟಿ ಬರದು ಕೊಡ್ತಾರ.’ ಹೆಂಡತಿಗೆ ಚಹ ತರಲು ಹೇಳುತ್ತ ಅವನು ಒಳಗಿನ ಬಾಗಿಲವರೆಗೆ ಹೋಗಿ, ನಮ್ಮ ಕಡೆ ಓರೆಯಾಗಿ ನಿಂತು ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿ ಬಂದ.

ಹಾಜರಾಬಿ ಖಾಲಾ ಊರುಗೋಲು ತೆಗೆದುಕೊಂಡು ಎದ್ದಳು. ‘ಅರ್ಧಾ ಕಪ್ ಸಾಕಂತ ಹೇಳಿದಿಯಲ್ಲೋ ಉಳವ್ಯಾ, ಅದೂ ಬ್ಯಾಡ ಬಿಡು. ಸಕ್ಕರಿ ಬ್ಯಾಡ ಈ ಮುದಿಕೇರಿಗೆ ಅಂದಿಯಲ್ಲ, ಆ ಸಕ್ಕರಿ ಗಂಟು ಕಟ್ಟಿ ಸ್ವಿಸ್ ಸಾವಕಾರಗ ಕೊಟ್ಟು ಬಾ.’

ಉಳವಪ್ಪನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಂಗಸರೂ ನಕ್ಕರು. ಹೊರಗೆ ಬಂದ ಮೇಲೆ ನಗು ನಿಂತಿತು. ಉಳವಪ್ಪ ನಂಬಲಿಲ್ಲ, ನಂಬುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಇನ್ನು ಯಾರ ಬಳಿ ಹೋಗುವುದು?

ಶಮೀಮ ಎಂಬ ಹುಡುಗಿ, ಹಾಜರಾಬಿ ಖಾಲಾಳ ಸೊಸೆ, ಮಗ್ಗಕ್ಕೆ ಹೊಸಬಳು, ಅಳತೊಡಗಿದಳು. ‘ಊರ ತುಂಬ ಹೇಳೋಣು ನಡೀರಿ,’ ಅಂದಳು.

‘ಹೇಳಿದ್ರ ದಿನಾ ಬದಲಸ್ತಾನ. ಆಮ್ಯಾಲೆ ಆ ದಿನಾ ನಮಗ ಗೊತ್ತಾಗೂದಿಲ್ಲ,’ ಅಂದಳು ಅವ್ವ. ‘ಈಗ ಗೊತ್ತೈತಿ. ಸುಮ್ಮನ ಇರೋಣು.’

ಆ ಸುಮ್ಮನಿರುವಿಕೆ ನನ್ನನ್ನು ತಿಂದುಹಾಕಿತು. ಆಫೀಸಿನಲ್ಲಿ ಕೂತು ಬಾಗಿಲು ನೋಡುತ್ತಿದ್ದೆ. ಫೋನು ರಿಂಗಾದರೆ ಬೆಚ್ಚುತ್ತಿದ್ದೆ. ಒಂದು ಮಧ್ಯಾಹ್ನ ರಾಯರು ಭಾಷಣ ತಿದ್ದಲು ಕರೆದಾಗ ಕೇಳಿಯೇಬಿಟ್ಟೆ. ಶಬ್ದಗಳನ್ನು ಆರಿಸಿಕೊಂಡು ಕೇಳಿದೆ.

‘ಸರ್, ಗಿರಣಿ ಮುಂದ ನಡೀತೈತೇನ್ರಿ?’

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಯಾಕವಾ? ಯಾರರ ಏನರ ಅಂದ್ರೇನು?’

‘ಇಲ್ರಿ. ಹಿಂಗ ಕೇಳಿದ್ನಿರಿ.’

‘ಸೂರತ್ತಿನಿಂದ ಎಷ್ಟು ಅಗ್ಗದ ಮಾಲು ಬರ್ಲಿಕ್ಕತ್ತದ ಗೊತ್ತದ ಏನು? ಆದ್ರೂ ನಡಸ್ಲಿಕ್ಕತ್ತೇನಿ. ಯಾಕ? ನಿಮ್ಮಂಥಾವ್ರ ಸಲುವಾಗಿ. ನಿಮ್ಮವ್ವನ ಪಗಾರಿನ ಮ್ಯಾಲೇ ಹೌದಿಲ್ಲೋ ನೀ ಧಾರವಾಡದಾಗ ಕಲ್ತದ್ದು?’ ಅವರ ಧ್ವನಿಯಲ್ಲಿ ಸುಳ್ಳಿನ ತೊದಲು ಇರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ತಾವು ಒಳ್ಳೆಯವರೆಂದು ಅವರು ನಿಜವಾಗಿ ನಂಬಿದ್ದರು. ಗೋಡೆಯ ಫೋಟೋದ ಕಡೆ ಕೈ ತೋರಿಸಿ, ‘ಒಂದು ದಿವಸ ಈ ಊರನ್ನ ಹಿಂಗ ಮಾಡ್ತೇನಿ ನೋಡು,’ ಅಂದರು. ಫೋಟೋದಲ್ಲಿ ಹಿಮವಿತ್ತು, ಬೆಟ್ಟವಿತ್ತು, ಅವರಿದ್ದರು. ಬೇರೆ ಯಾರೂ ಇರಲಿಲ್ಲ.

ರಾಯರು ಗೆದ್ದರು. ಚಾಳಿನ ಮುಂದೆಯೇ ಮೆರವಣಿಗೆ ಹೋಯಿತು. ಗುಲಾಲು ನಮ್ಮ ನೀರಿನ ಕೊಡದಲ್ಲೂ ಬಿತ್ತು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ಬೆಳಿಗ್ಗೆ ಗಿರಣಿಯಲ್ಲಿ ಎಂದಿನಂತೆ ಮಗ್ಗಗಳಿಗೆ ಎಣ್ಣೆ ಒರೆಸಿ, ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂ ಕಟ್ಟಿದರು. ಪ್ರತಿ ಹೆಂಗಸೂ ತನ್ನ ಮಗ್ಗಕ್ಕೆ ತಾನೇ ಪೂಜೆ ಮಾಡುತ್ತಾಳೆ. ಹಾಜರಾಬಿ ಖಾಲಾ ಊದಿನಕಡ್ಡಿ ಹಚ್ಚುತ್ತಾಳೆ, ಕುಂಬಳಕಾಯಿ ಒಡೆಯುವುದನ್ನು ಅವ್ವನಿಗೆ ಬಿಡುತ್ತಾಳೆ. ಇದು ಗಿರಣಿ ಶುರುವಾದಾಗಿನಿಂದ ನಡೆದು ಬಂದದ್ದು. ಪೂಜೆಗೆ ಇಟ್ಟ ಹತ್ಯಾರವನ್ನು, ಯಂತ್ರವಾಗಲಿ ಉಪಕರಣವಾಗಲಿ, ಮರುದಿನ ದಶಮಿಯಂದು ಬಂಗಾರವೆಂದು ಬನ್ನಿ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು ಆಗುವವರೆಗೆ ಯಾರೂ ಅಲುಗಾಡಿಸುವುದಿಲ್ಲ. ಕತ್ತರಿಯನ್ನು ಸಹ ಮುಟ್ಟುವುದಿಲ್ಲ.

ಶಾಸಕರಾದ ರಾಯರು ಹೊಸ ಕಾರಿನಲ್ಲಿ ಬಂದು ಮಂಗಳಾರತಿ ಮಾಡಿದರು. ಪೇಪರಿನವರು ಫೋಟೋ ತೆಗೆದರು. ‘ಯಂತ್ರ ನಮಗ ದೇವರು,’ ಅಂದರು ರಾಯರು. ‘ಬನ್ನಿ ಆಗೂತನಕಾ ನಮ್ಮಲ್ಲಿ ಮಗ್ಗಕ್ಕ ಯಾರೂ ಕೈ ಹಚ್ಚೂದಿಲ್ಲ. ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ ಇದು.’ ಚುರುಮುರಿ, ಪೇಢೆ ಹಂಚಿದರು. ಕಾರು ಹೋಯಿತು.

ಹೆಂಗಸರು ಹೋಗಲಿಲ್ಲ.

ಮುಕಾದಮ ಬಾಗಿಲಲ್ಲಿ ಬೀಗ ಹಿಡಿದು ನಿಂತ. ‘ಏ ನಡೀರಿ, ಮನ್ಯಾಗ ಹೋಳಿಗಿ ಮಾಡಂಗಿಲ್ಲೇನು?’

‘ಹೂರಣಾ ಇನ್ನೂ ಕುದಿಯಾಕತ್ತೈತಿ,’ ಅಂದಳು ಅವ್ವ. ತನ್ನ ಮಗ್ಗದ ಬುಡದಲ್ಲಿ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಒಬ್ಬೊಬ್ಬರೂ ತಮ್ಮ ತಮ್ಮ ಮಗ್ಗದ ಬಳಿ ಹಾಗೆಯೇ ಕುಳಿತರು. ನಾನು ಎಲ್ಲಿ ಕೂರಬೇಕೆಂದು ತಿಳಿಯದೆ ಅವ್ವನ ಪಕ್ಕ ಕುಳಿತೆ. ನನಗೆ ಅಲ್ಲಿ ಮಗ್ಗವಿರಲಿಲ್ಲ.

ಊಟದ ಹೊತ್ತಿಗೆ ಲಾರಿಗಳು ಬಂದವು. ಮುಂದಿನ ಲಾರಿಯಿಂದ ಸಂಕೇತ ಇಳಿದ. ಹಿಂದಿನ ಲಾರಿಗಳಲ್ಲಿ ಅಮರಗೋಳದ ಮಾರ್ಕೆಟ್ ಯಾರ್ಡಿನ ಹಮಾಲರು, ಹಗ್ಗ, ಹಾರೆ, ಕಬ್ಬಿಣದ ಉರುಳೆ. ಹಮಾಲರ ಮುಖ್ಯಸ್ಥ ಮಕಬೂಲಸಾಬ ಒಳಗೆ ಬಂದು ನೋಡಿ ನಿಂತುಬಿಟ್ಟ. ಹೂ ಕಟ್ಟಿದ ಮಗ್ಗ, ಅದರ ಬುಡಕ್ಕೆ ಹೆಂಗಸು. ಮತ್ತೊಂದು ಮಗ್ಗ, ಮತ್ತೊಬ್ಬ ಹೆಂಗಸು.

‘ಖಾಲಿ ಗಿರಣಿ ಅಂದಿದ್ರಲ್ರಿ ಸಾಹೇಬ್ರ,’ ಅಂದ.

ಸಂಕೇತನ ಮುಖ ಬಿಳಿಚಿತು. ‘ಇವರಿಗೆ ಯಾರು ಹೇಳಿದ್ರು?’ ಎಂದು ಮುಕಾದಮನನ್ನು ಕೇಳಿದ. ಮುಕಾದಮ ನನ್ನನ್ನು ನೋಡಿದ. ಅಷ್ಟರಲ್ಲಿ ಓಡಿಬಂದಿದ್ದ ಉಳವಪ್ಪ ತಲೆ ತಗ್ಗಿಸಿ ಹೇಳಿದ, ‘ನೀವ ಹೇಳೀರಿ ಸರ. ಸ್ಟೇಜಿನ ಮ್ಯಾಲೆ. ಇವ್ರು ತುಟಿ ಓದತಾರ.’

‘ಏನು ಓದ್ತಾರ?’

‘ತುಟಿ ರೀ.’

ಹಮಾಲರಲ್ಲಿ ಯಾರೋ ಗೊಳ್ಳೆಂದು ನಕ್ಕರು. ಸಂಕೇತ ಕೂಗಿದ, ‘ನಗಲಿಕ್ಕೆ ಕರಸಿಲ್ಲ ನಿಮ್ಮನ್ನ! ಹಚ್ರಿ ಹಾರಿ!’

ಮಕಬೂಲಸಾಬ ಹಗ್ಗವನ್ನು ಹೆಗಲಿನಿಂದ ಇಳಿಸಿದ. ‘ಮಗ್ಗಕ್ಕ ಪೂಜಿ ಆಗೇತ್ರಿ. ನಮ್ಮ ಗಾಡಿಗೂ ಆಗೇತಿ, ನೋಡ್ರಿ, ಲಿಂಬಿಹಣ್ಣು ಇನ್ನೂ ಮುಂದ ಕಟ್ಟೇತಿ. ಪೂಜಿ ಆದ ಹತ್ಯಾರ ಬನ್ನಿ ಆಗೂತನಕಾ ಎತ್ತಿದ್ರ ಹಾದ್ಯಾಗ ಹೆಣಾ ಬೀಳತಾವ. ನಾಳೆ ಬನ್ನಿ ಆಗಲಿ. ಇವ್ರಾಗ ಒಬ್ಬರರ ಸಾವಕಾರ್ರ ಕೈಲೆ ಬನ್ನಿ ತಗೊಳ್ಳಲಿ. ಆಮ್ಯಾಲೆ ನಮ್ಮದೇನ ತಕರಾರಿಲ್ಲ.’

‘ನೀ ಮುಸಲ್ಮಾನ, ನಿನಗ್ಯಾಕ ಬನ್ನಿ?’

‘ನನ್ನ ಬೆನ್ನಿಗೆ ಜಾತಿ ಇಲ್ರಿ. ಮಗ್ಗ ಜಾರಿ ಬಿದ್ರ ಯಾವ ಬೆನ್ನಾದ್ರೂ ಮುರೀತೈತಿ.’

ಲಾರಿಗಳು ಅಂಗಳದಲ್ಲೇ ನಿಂತವು. ಚಾಳಿನಿಂದ ಬುತ್ತಿ ಬಂತು. ಆ ದಿನ ಕಳೆಯಿತು. ಗೇಟಿನ ಬಳಿ ಸದ್ದಾದಾಗಲೆಲ್ಲ ನಾನೂ ಶಮೀಮಳೂ ಬೆಚ್ಚುತ್ತಿದ್ದೆವು, ಉಳಿದವರಿಗೆ ಅದು ಕೇಳುತ್ತಿರಲಿಲ್ಲ. ಅವರಿಗೆ ನಾವು ಕಿವಿ, ನಮಗೆ ಅವರು ಧೈರ್ಯ. ಶಮೀಮಳ ಕೂಸನ್ನು ಹಾಲು ಕುಡಿಸಲು ಯಾರೋ ತಂದು, ಮತ್ತೆ ಮನೆಗೆ ಒಯ್ದರು. ಕೂಸು ಹೋದ ಮೇಲೆ ಅವಳು ಬಹಳ ಹೊತ್ತು ಗೋಡೆ ನೋಡುತ್ತಿದ್ದಳು.

ಮರುದಿನ ಸಂಜೆ, ದಶಮಿ. ಊರಿನ ಮಂದಿ ಬನ್ನಿ ಮುಡಿದು ಮನೆಮನೆಗೆ ತಿರುಗುವ ಹೊತ್ತು. ರಾಯರ ಕಾರು ಬಂತು. ಹಿಂದೆ ಪೊಲೀಸರ ಜೀಪು. ಅದರ ಹಿಂದೆ ಪೇಪರಿನ ಫೋಟೋಗ್ರಾಫರ್. ರಾಯರು ಜರಿಯಂಚಿನ ಧೋತರ ಉಟ್ಟಿದ್ದರು. ಕೈಯಲ್ಲಿ ಬನ್ನಿಯ ಟೊಂಗೆ ಹಿಡಿದಿದ್ದರು. ಒಳಗೆ ಬರುವಾಗ ಅಂಗೈಯಿಂದ ಬಾಯಿ ಮರೆಮಾಡಿಕೊಂಡು ಸಂಕೇತನಿಗೆ ಏನೋ ಹೇಳಿದರು. ಅವರು ಹಾಗೆ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

ಆಮೇಲೆ ಕೈ ತೆಗೆದು ನಕ್ಕರು. ‘ಏನವಾ ದುರಗವ್ವ, ಹಬ್ಬದ ದಿವಸ ಮನಿ ಬಿಟ್ಟು ಇಲ್ಲೇ ಕೂತೀರಿ. ಇರ್ಲಿ. ಮಗ್ಗದ ಮಾತು ಆಮ್ಯಾಲೆ ಕೂತು ಆಡೋಣು. ಮೊದಲ ಬನ್ನಿ ತಗೋ. ಬಂಗಾರದ್ಹಂಗ ಇರೋಣು.’

ಮಕಬೂಲಸಾಬ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಹಿಂದೆ ಹಮಾಲರು. ಹೊರಗೆ ಚಾಲಕರು ಲಾರಿಗಳ ಎಂಜಿನ್ ಚಾಲೂ ಮಾಡಿದ್ದರು.

ಅವ್ವ ಏಳಲಿಲ್ಲ. ‘ಇಷ್ಟು ವರ್ಷಾ ನಾವು ನಿಮ್ಮ ವಾಡೇಕ್ಕ ಬಂದು, ಹೊರಗ ಚಪ್ಪಲಿ ಬಿಡೂ ಕಡೆ ನಿಂತು ಬನ್ನಿ ಕೊಟ್ಟು ಹೋಗೀವ್ರಿ ಸಾವಕಾರ್ರ. ಒಂದ್ ವರ್ಷರ ನೀವು ಬಂದಿದ್ದಿಲ್ಲ. ಇವತ್ತ ಹೆಂಗ ಹಾದಿ ಸಿಕ್ತು?’

‘ಈಗ ನಾನು ನಿಮ್ಮ ಪ್ರತಿನಿಧಿ ಅಲ್ಲೇನವಾ?’

‘ಹಂಗಾದ್ರ ನಮ್ಮ ಪರವಾಗಿ ನೀವ ತಗೋರಿ,’ ಅಂದಳು ಹಾಜರಾಬಿ ಖಾಲಾ. ಕಿವುಡಿಯರ ಮಾತು ಯಾವಾಗಲೂ ಜೋರು. ಪೊಲೀಸನೊಬ್ಬ ಮೀಸೆಯಡಿ ನಕ್ಕ.

ರಾಯರು ಟೊಂಗೆಯನ್ನು ಅವ್ವನ ಮುಂದೆ ಚಾಚಿದರು. ಅವ್ವನ ಎರಡೂ ಕೈ ಮಗ್ಗದ ಮೇಲಿದ್ದವು, ಅಲ್ಲೇ ಇದ್ದವು. ಅವರು ಮುಂದೆ ಸರಿದರು. ಹಾಜರಾಬಿ ಖಾಲಾ ಊರುಗೋಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮುಂದಿನವಳು ಸೆರಗಿನೊಳಗೆ ಕೈ ಸುತ್ತಿಕೊಂಡಳು. ರಾಯರ ನಗು ಹಾಗೆಯೇ ಇತ್ತು, ನಡಿಗೆ ಮಾತ್ರ ಬಿರುಸಾಯಿತು. ಬನ್ನಿ ಕೊಟ್ಟಾಗ ಬೇಡ ಎನ್ನುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಗೆಯವರೂ ಆ ಸಂಜೆ ಕೈ ಒಡ್ಡುತ್ತಾರೆ.

ಶಮೀಮಳ ಮುಂದೆ ಅವರು ನಿಂತರು. ಎಳೆಯ ಹುಡುಗಿ ಎಂದು ಕಂಡಿರಬೇಕು. ‘ನೀ ತಗೋ ತಂಗಿ. ನಿನಗ ಬ್ಯಾರೆ ಕಡೆ ಕೆಲಸಾ ನಾ ಕೊಡಸ್ತೇನಿ. ಶಾಸಕ ಇದ್ದೇನಿ ನಾನು.’ ಶಮೀಮಳ ಬಲಗೈ ಮಡಿಲಿನಿಂದ ಮೇಲಕ್ಕೆದ್ದಿತು. ಯಾರೂ ಅವಳನ್ನು ತಡೆಯಲಿಲ್ಲ. ಅವಳ ಅತ್ತೆ ಕೂಡ ತಿರುಗಿ ನೋಡಲಿಲ್ಲ. ಆ ಕೈ ಬನ್ನಿಯ ಅರ್ಧ ದಾರಿಯವರೆಗೆ ಹೋಯಿತು. ಆಮೇಲೆ ಮೇಲೆ ಹೋಗಿ, ತಲೆಯ ಮೇಲಿನ ಸೆರಗನ್ನು ಸರಿಮಾಡಿ, ಕೆಳಗೆ ಬಂತು.

‘ಬ್ಯಾರೆಯವ್ರಿಗೂ ಕೊಡಸ್ತೀರೇನ್ರಿ?’ ಎಂದು ಕೇಳಿದಳು.

ರಾಯರ ಕಣ್ಣು ಸಾಲನ್ನು ದಾಟಿ ನನ್ನ ಮೇಲೆ ಬಿತ್ತು. ಮುಖದಲ್ಲಿ ನಿರಾಳ ಕಂಡಿತು. ಬಳಿಗೆ ಬಂದು ಬಗ್ಗಿದರು. ಅತ್ತರಿನ ವಾಸನೆ ಬಂತು.

‘ಸುಕನ್ಯಾ, ನೀ ಕಲ್ತಾಕಿ. ಇವರಿಗೆ ತಿಳೀವಲ್ದು, ನಿನಗ ತಿಳೀತದ. ಬೆಂಗಳೂರಾಗ ನನ್ನ ಆಫೀಸಿಗೆ ಬರಿಯೂವ್ರು ಬೇಕು. ಬನ್ನಿ ತಗೋ, ಮಗಳ.’

ಅವರು ಹೇಳಿದ್ದು ನಿಜವಿರಬಹುದು. ಬೆಂಗಳೂರಿನ ಕೆಲಸ ಸಿಗುತ್ತಿತ್ತೇನೋ. ತಿಂಗಳ ಪಗಾರ ತರುತ್ತಿದ್ದವರು ನಮ್ಮ ಮನೆಯಲ್ಲಿ ಇಬ್ಬರೇ, ನಾಳೆಯಿಂದ ಒಬ್ಬರೂ ಇರದಿರಬಹುದು. ಅವ್ವ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು. ಅವಳು ಎದುರಿನ ಗೋಡೆಯನ್ನು ನೋಡುತ್ತಿದ್ದಳು, ನನ್ನ ಕೈ ನನಗೇ ಬಿಟ್ಟಿದ್ದು ಎನ್ನುವಂತೆ.

ನಾನು ಎರಡೂ ಅಂಗೈಗಳನ್ನು ಅವ್ವನ ಮಗ್ಗದ ಮೇಲೆ ಇಟ್ಟೆ. ಕಬ್ಬಿಣ ತಣ್ಣಗಿತ್ತು, ಬೆರಳಿಗೆ ಕುಂಕುಮ ಅಂಟಿತು. ‘ಒಲ್ಲೆರಿ,’ ಅಂದೆ. ಧ್ವನಿ ಬಾಗಿಲವರೆಗೆ ಕೇಳಿಸಿತು.

ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. ‘ಸಾಹೇಬ್ರ, ಕೊಡೂದು ಬಂತ್ರಿ, ತಗೊಳ್ಳೂದು ಬರ್ಲಿಲ್ಲ. ಇನ್ನೊಮ್ಮೆ ಮಾಡ್ತೀರೇನ್ರಿ?’

ಸಂಕೇತ ಪೊಲೀಸರ ಕಡೆ ನೋಡಿದ. ಸಬ್‌ಇನ್‌ಸ್ಪೆಕ್ಟರು ತನ್ನ ಬೂಟು ನೋಡಿಕೊಂಡರು. ‘ಹಬ್ಬದ ದಿನಾ ಹೆಣ್ಮಕ್ಕಳ ಮೈ ಮುಟ್ಟೂದು ಬ್ಯಾಡ್ರಿ ಸರ್. ನಾಳೆ ಆರ್ಡರ್ ತಗೊಂಡು ಬರ್ರಿ, ನೋಡೋಣಂತ,’ ಅಂದರು. ನಾಳೆ ಆರ್ಡರು ಬರುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಅವಳು ಕಾಲು ಮಡಚಿ ಇನ್ನಷ್ಟು ಗಟ್ಟಿಯಾಗಿ ಕುಳಿತಳು.

ಮಕಬೂಲಸಾಬ ಹೊರಗೆ ಹೋಗಿ ಚಾಲಕರಿಗೆ ಕೈ ಸನ್ನೆ ಮಾಡಿದ. ಎಂಜಿನ್‌ಗಳು ಒಂದೊಂದಾಗಿ ನಿಂತವು.

ಬನ್ನಿಯನ್ನು ನೆಲಕ್ಕೆ ಹಾಕುವಂತಿಲ್ಲ. ತೆಗೆದುಕೊಳ್ಳುವವರು ಇಲ್ಲದೆ ಕಿಸೆಯಲ್ಲಿ ಇಟ್ಟುಕೊಂಡು ಮರಳುವಂತೆಯೂ ಇಲ್ಲ. ಶಾಸಕರು ಮಗ್ಗಗಳ ನಡುವೆ ಆ ಟೊಂಗೆಯನ್ನು ಹಿಡಿದು ನಿಂತಿದ್ದರು. ಅವರು ಒಮ್ಮೆ ಮಗನ ಕಡೆ ನೋಡಿದರು, ಒಮ್ಮೆ ಪೊಲೀಸರ ಕಡೆ. ಅದನ್ನು ಅವರ ಕೈಯಿಂದ ಇಸಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ.